ಕ್ಲಾರೆಟ್ ಕಪ್ ಕಳ್ಳಿ: ಗಿಡ, ಮುಳ್ಳು, ಹೂವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನೈಋತ್ಯ ಭಾಗದಲ್ಲಿ ಬಂಡೆಗಳ ನಡುವೆ ಬೆಳೆದು, ವಸಂತ ಬಂತೆಂದರೆ ಮೈತುಂಬ ಕೆಂಪು ಹೂ ಬಿಡುವ ಒಂದು ಕಳ್ಳಿ ಇದೆ. ಡೆನ್ವರ್, ಫೀನಿಕ್ಸ್, ಸಾಲ್ಟ್ ಲೇಕ್ ಸಿಟಿ ಕಡೆ ಇರುವ ನಮ್ಮವರು ರಜೆಯಲ್ಲಿ ಸುತ್ತಾಡಿ ಬಂದು ಇದರ ಫೋಟೋ ಕಳಿಸುತ್ತಾರೆ. ಇಲ್ಲಿ ತಾರಸಿ ಮೇಲೆ ಕಳ್ಳಿ ಬೆಳೆಸುವವರು ಅದನ್ನು ನೋಡಿ ಪ್ರಶ್ನೆ ಕೇಳುತ್ತಾರೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಇದೆ.

ಇದು ಯಾವ ಕಳ್ಳಿ? ಹೆಡ್ಜ್‌ಹಾಗ್ ಕಳ್ಳಿ ಅಂತಲೂ ಕರೆಯುತ್ತಾರಲ್ಲ?

ಹೆಡ್ಜ್‌ಹಾಗ್ ಕಳ್ಳಿ ಅನ್ನುವುದು ಒಂದು ದೊಡ್ಡ ಕುಟುಂಬದ ಹೆಸರು. ಎಕಿನೊಸೀರಿಯಸ್ ಎಂಬ ಕುಲದಲ್ಲಿ ಸುಮಾರು 70 ಜಾತಿಗಳಿವೆ. ಅಮೆರಿಕದ ದಕ್ಷಿಣ ಮತ್ತು ಪಶ್ಚಿಮ ರಾಜ್ಯಗಳಿಂದ ಮೆಕ್ಸಿಕೊವರೆಗೆ ಇವು ಹರಡಿಕೊಂಡಿವೆ. ಇವೆಲ್ಲವನ್ನೂ ಜನ ಹೆಡ್ಜ್‌ಹಾಗ್ ಅಂತಲೇ ಕರೆಯುತ್ತಾರೆ. ಗಿಡ್ಡ ದೇಹ, ಮೈತುಂಬ ಮುಳ್ಳು, ಅದಕ್ಕೇ ಹೆಡ್ಜ್‌ಹಾಗ್ ಎಂಬ ಪುಟ್ಟ ಮುಳ್ಳುಮೈಯ ಪ್ರಾಣಿಯ ಹೆಸರು.

ಇಲ್ಲಿ ನಾವು ಮಾತಾಡುವುದು ಅವುಗಳಲ್ಲಿ ಒಂದರ ಬಗ್ಗೆ ಮಾತ್ರ: ಎಕಿನೊಸೀರಿಯಸ್ ಟ್ರೈಗ್ಲೋಕಿಡಿಯೇಟಸ್. ಹೆಸರು ನಾಲಿಗೆಗೆ ಕಷ್ಟ. ಅಲ್ಲಿಯವರು ಕ್ಲಾರೆಟ್ ಕಪ್, ಕಿಂಗ್‌ಕಪ್ ಅನ್ನುತ್ತಾರೆ. ಕ್ಲಾರೆಟ್ ಅಂದರೆ ಕೆಂಪು ವೈನ್. ಹೂವಿನ ಬಣ್ಣ ಮತ್ತು ಬಟ್ಟಲಿನಂಥ ಆಕಾರ, ಎರಡೂ ಆ ಹೆಸರಿನಲ್ಲೇ ಇವೆ.

ನಮ್ಮ ಹೊಲದ ಬೇಲಿಯಲ್ಲಿರುವ ಕಳ್ಳಿಗೂ ಇದಕ್ಕೂ ಸಂಬಂಧ ಇದೆಯಾ?

ಅದು ಯಾವ ಕಳ್ಳಿ ಅನ್ನುವುದರ ಮೇಲಿದೆ. ಪಾಪಾಸುಕಳ್ಳಿ ಇದರ ದೂರದ ನೆಂಟ. ಅದೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಆದರೆ ಮುರಿದರೆ ಬಿಳಿ ಹಾಲು ಸುರಿಯುವ ಬೇಲಿ ಕಳ್ಳಿಗಳು ಬೇರೆಯೇ ಗುಂಪಿನವು. ಅವು ಯುಫೋರ್ಬಿಯಾ ಕುಲದವು, ಹರಳಿನ ಗಿಡದ ಬಳಗ. ಒಣ ನೆಲದಲ್ಲಿ ಬದುಕುವ ಅಗತ್ಯ ಇಬ್ಬರಿಗೂ ಒಂದೇ ಆದ್ದರಿಂದ ಮೈಕಟ್ಟು ಒಂದೇ ಥರ ಆಗಿದೆ, ಅಷ್ಟೇ.

ಗುರುತಿಸುವುದು ಸುಲಭ. ನಿಜವಾದ ಕ್ಯಾಕ್ಟಸ್ ಆದರೆ ಮುಳ್ಳುಗಳ ಗುಂಪು ಒಂದು ಸಣ್ಣ ಮೆತ್ತೆಯಂಥ ಜಾಗದಿಂದ ಹೊರಡುತ್ತದೆ. ಎಳೆಯ ಮೆತ್ತೆಯಲ್ಲಿ ಹತ್ತಿಯಂಥ ನವಿರು ರೋಮವೂ ಇರುತ್ತದೆ. ಇದಕ್ಕೆ ಅರಿಯೋಲ್ ಎನ್ನುತ್ತಾರೆ. ಯುಫೋರ್ಬಿಯಾದಲ್ಲಿ ಅರಿಯೋಲ್ ಇಲ್ಲ.

ಇನ್ನೊಂದು ಮಾತು. ಬೆಂಗಳೂರಿನ ಮನೆಗಳಲ್ಲಿ ರಾತ್ರಿ ಅರಳುವ ಹೂವಿಗೆ ‘ಬ್ರಹ್ಮಕಮಲ’ ಅಂತ ಪೂಜೆ ಮಾಡಿ, ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಾರಲ್ಲ, ಅದೂ ಕ್ಯಾಕ್ಟಸ್ಸೇ. ಈ ಬ್ರಹ್ಮಕಮಲದ ಮಾತು ಹೂವಿನ ವಿಷಯ ಬಂದಾಗ ಮತ್ತೆ ಬೇಕಾಗುತ್ತದೆ.

ಹೂ ಇಲ್ಲದಾಗ ಗಿಡ ನೋಡಲು ಹೇಗಿರುತ್ತದೆ?

ಸಿಲಿಂಡರ್ ಆಕಾರದ ಹಸಿರು ಕಾಂಡಗಳು, ತುದಿ ದುಂಡಗೆ. ಒಂದು ಕಾಂಡ ಸಾಮಾನ್ಯವಾಗಿ 5ರಿಂದ 30 ಸೆಂಟಿಮೀಟರ್ ಎತ್ತರ ಬರುತ್ತದೆ, ಕೆಲವೊಮ್ಮೆ 40ರವರೆಗೂ ಹೋಗುತ್ತದೆ. ದಪ್ಪ 5ರಿಂದ 15 ಸೆಂಟಿಮೀಟರ್. ಎಲೆ ಇಲ್ಲ. ಎಲೆಯ ಕೆಲಸವನ್ನೆಲ್ಲ ಹಸಿರು ಕಾಂಡವೇ ಮಾಡುತ್ತದೆ.

ಎಳೆಯ ಗಿಡಕ್ಕೆ ಒಂದೋ ಎರಡೋ ಕಾಂಡ. ವಯಸ್ಸಾದಂತೆ ಬುಡದಿಂದ ಹೊಸ ಕಾಂಡಗಳು ಹುಟ್ಟುತ್ತಾ ಹೋಗುತ್ತವೆ. ಹತ್ತಾಗುತ್ತದೆ, ಐವತ್ತಾಗುತ್ತದೆ, ಹಳೆಯ ಗಿಡದಲ್ಲಿ ನೂರು ದಾಟುತ್ತದೆ. ಐನೂರರ ಹತ್ತಿರ ಕಾಂಡಗಳಿರುವ ಗಿಡಗಳೂ ಇವೆ. ದಪ್ಪ ಸೌತೆಕಾಯಿಗಳನ್ನು ಒತ್ತೊತ್ತಾಗಿ ನೆಟ್ಟಗೆ ನಿಲ್ಲಿಸಿದ ಹಾಗೆ ಕಾಣುತ್ತದೆ. ಗುಂಪು ಬೆಳೆದು ಗುಮ್ಮಟದ ಆಕಾರ ಪಡೆಯುತ್ತದೆ. ಒಂದು ಮೀಟರ್‌ಗಿಂತ ಅಗಲದ ಗುಮ್ಮಟ ಕಂಡರೆ ಅದಕ್ಕೆ ಹಲವು ದಶಕ ವಯಸ್ಸಾಗಿದೆ ಅಂತ ಧಾರಾಳವಾಗಿ ಹೇಳಬಹುದು, ಏಕೆಂದರೆ ಇದು ಬೆಳೆಯುವುದು ತುಂಬಾ ನಿಧಾನ.

ಕಾಂಡದ ಉದ್ದಕ್ಕೂ 5ರಿಂದ 12 ಏಣುಗಳಿರುತ್ತವೆ. ಏಣು ನೇರವಾಗಿದ್ದರೂ ಅಲ್ಲಲ್ಲಿ ಸ್ವಲ್ಪ ಉಬ್ಬು ತಗ್ಗು ಇರುತ್ತದೆ. ಈ ಏಣುಗಳು ಸುಮ್ನೆ ಅಂದಕ್ಕಲ್ಲ. ಮಳೆ ಬಂದಾಗ ಕಾಂಡ ನೀರು ಕುಡಿದು ಊದುತ್ತದೆ, ಬರದಲ್ಲಿ ಸೊರಗುತ್ತದೆ. ಏಣಿನ ಮಡಿಕೆ ಇರುವುದರಿಂದ ಚರ್ಮ ಹರಿಯದೆ ಹಿಗ್ಗಿ ಕುಗ್ಗಲು ಆಗುತ್ತದೆ.

ಮುಳ್ಳು ಎಷ್ಟಿರುತ್ತವೆ? ಯಾವ ಬಣ್ಣ?

ಇಲ್ಲೇ ಎಲ್ಲರಿಗೂ ಗೊಂದಲ ಶುರುವಾಗುವುದು. ಒಂದು ಫೋಟೋದಲ್ಲಿ ಪ್ರತಿ ಅರಿಯೋಲ್‌ನಿಂದ ಮೂರೇ ಮೂರು ದಪ್ಪ, ಬಾಗಿದ, ಏಣುಳ್ಳ ಮುಳ್ಳುಗಳು. ಇನ್ನೊಂದು ಫೋಟೋದಲ್ಲಿ ಹತ್ತು ಹನ್ನೆರಡು ನೇರವಾದ ತೆಳು ಮುಳ್ಳುಗಳು, ಕಾಂಡದ ಹಸಿರೇ ಕಾಣುವುದಿಲ್ಲ. ಬಣ್ಣ ಬಿಳಿ, ಬೂದಿ, ಒಣಹುಲ್ಲಿನ ಹಳದಿ, ಕಪ್ಪು, ಏನು ಬೇಕಾದರೂ ಇರಬಹುದು. ಎರಡೂ ಅದೇ ಜಾತಿ!

ಹಾಗಾಗಿ ನನ್ನ ಸಲಹೆ ಇಷ್ಟು: ಈ ಕಳ್ಳಿಯನ್ನು ಮುಳ್ಳು ನೋಡಿ ಗುರುತಿಸಲು ಹೋಗಬೇಡಿ. ಹೂ ನೋಡಿ. ಹೂವು ಒಂದೇ ಥರ ಇರುತ್ತದೆ, ಮುಳ್ಳು ಬೆಟ್ಟದಿಂದ ಬೆಟ್ಟಕ್ಕೆ ಬದಲಾಗುತ್ತದೆ. ಹಳೆಯ ಸಸ್ಯಶಾಸ್ತ್ರಜ್ಞರು ಮುಳ್ಳಿನ ಲೆಕ್ಕ ಹಿಡಿದು ಇದಕ್ಕೆ ರಾಶಿ ರಾಶಿ ಹೆಸರು ಕೊಟ್ಟರು. ಆ ಹೆಸರುಗಳಲ್ಲಿ ಬಹಳಷ್ಟನ್ನು ಈಗ ಯಾರೂ ಬಳಸುವುದಿಲ್ಲ.

ಮುಳ್ಳೇ ಇಲ್ಲದ ಗಿಡವೂ ಇದೆಯಂತೆ, ನಿಜವಾ?

ನಿಜ. ಕೊಲರಾಡೋದ ಪಶ್ಚಿಮ ಭಾಗ ಮತ್ತು ಯೂಟಾದ ಪೂರ್ವ ಭಾಗದಲ್ಲಿ ಬೋಳು ಮೈಯ ಕ್ಲಾರೆಟ್ ಕಪ್ ಸಿಗುತ್ತದೆ. ಮುಳ್ಳು ಇಲ್ಲವೇ ಇಲ್ಲ, ಇದ್ದರೂ ಹೆಸರಿಗೆ ಒಂದಿಷ್ಟು.

ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಮುಳ್ಳಿಲ್ಲದ್ದನ್ನು ಬೇರೆಯೇ ತಳಿ ಎಂದುಕೊಂಡು ಅಮೆರಿಕದ ಸರ್ಕಾರ 1979ರಲ್ಲಿ ಅದನ್ನು ಅಳಿವಿನಂಚಿನ ಸಸ್ಯಗಳ ಪಟ್ಟಿಗೆ ಸೇರಿಸಿತು. ಆಮೇಲೆ ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಮುಳ್ಳಿರುವ ಗಿಡ ಮತ್ತು ಮುಳ್ಳಿಲ್ಲದ ಗಿಡ ಒಂದೇ ಜಾಗದಲ್ಲಿ ಬೆರೆತು ಬೆಳೆಯುತ್ತವೆ. ಒಂದೇ ಮನೆಯಲ್ಲಿ ಗುಂಗುರು ಕೂದಲಿನ ಮಗು, ನೇರ ಕೂದಲಿನ ಮಗು ಇಬ್ಬರೂ ಇದ್ದರೆ ಅವರನ್ನು ಬೇರೆ ಬೇರೆ ವಂಶ ಅನ್ನಲು ಆಗುತ್ತದಾ? 1993ರಲ್ಲಿ ಅದನ್ನು ಪಟ್ಟಿಯಿಂದ ತೆಗೆದರು. ಗಿಡಗಳ ಸಂಖ್ಯೆ ಹೆಚ್ಚಿದ್ದಕ್ಕೆ ತೆಗೆದದ್ದಲ್ಲ. ಅದೊಂದು ಪ್ರತ್ಯೇಕ ತಳಿ ಎಂಬ ಎಣಿಕೆಯೇ ಬಿದ್ದುಹೋಗಿತ್ತು.

ಮೊಗ್ಗು ಎಲ್ಲಿಂದ ಬರುತ್ತದೆ? ಕಾಂಡ ಸೀಳಿದ ಹಾಗೆ ಕಾಣುತ್ತಿದೆ, ರೋಗವಾ?

ರೋಗ ಅಲ್ಲ, ಗಾಬರಿ ಬೇಡ. ಹೆಡ್ಜ್‌ಹಾಗ್ ಕಳ್ಳಿಗಳ ವಿಶೇಷವೇ ಇದು. ಬೇರೆ ಬಹುಪಾಲು ಕ್ಯಾಕ್ಟಸ್‌ಗಳಲ್ಲಿ ಮೊಗ್ಗು ಅರಿಯೋಲ್‌ನ ಮೇಲೆ ಮೂಡುತ್ತದೆ. ಇವುಗಳಲ್ಲಿ ಹಾಗಲ್ಲ. ಅರಿಯೋಲ್‌ನ ಸ್ವಲ್ಪ ಮೇಲೆ, ಕಾಂಡದ ಒಳಗೇ ಮೊಗ್ಗು ರೂಪ ತಾಳುತ್ತದೆ. ಮೊದಲು ಅಲ್ಲಿ ಸಣ್ಣ ಉಬ್ಬು ಕಾಣುತ್ತದೆ. ಆಮೇಲೆ ಮೊಗ್ಗು ಕಾಂಡದ ಚರ್ಮವನ್ನು ಒಡೆದುಕೊಂಡೇ ಹೊರಗೆ ಬರುತ್ತದೆ. ಹೂ, ಹಣ್ಣು ಎಲ್ಲ ಮುಗಿದ ಮೇಲೂ ಅಲ್ಲಿ ಕಲೆ ಉಳಿಯುತ್ತದೆ. ಹಳೆಯ ಕಾಂಡದ ಮೇಲಿನ ಆ ಕಲೆಗಳನ್ನು ನೋಡಿ, ಹಿಂದೆ ಎಲ್ಲೆಲ್ಲಿ ಹೂ ಬಿಟ್ಟಿತ್ತು ಅಂತ ಹೇಳಬಹುದು.

ಹೊರಬಂದ ಮೊಗ್ಗಿನ ಮೈಮೇಲೂ ಸಣ್ಣ ಮುಳ್ಳು ಮತ್ತು ಬಿಳಿ ರೋಮ ಇರುತ್ತವೆ. ಹೂ ಅರಳಿದ ಮೇಲೆ ಅದರ ಕೆಳಗಿನ ಕೊಳವೆಯ ಹೊರಮೈಯಲ್ಲಿ ಇವು ಹಾಗೇ ಇರುತ್ತವೆ. ಹೂವನ್ನು ಬುಡದಲ್ಲಿ ಹಿಡಿಯಲು ಹೋದರೆ ಬೆರಳಿಗೆ ಗೊತ್ತಾಗುತ್ತದೆ.

ಹೂವು ಹೇಗಿರುತ್ತದೆ? ಸ್ವಲ್ಪ ವಿವರವಾಗಿ ಹೇಳಿ.

ಕಡು ಕೆಂಪು. ಕೆಲವು ಕಡೆ ಸಿಂಧೂರದ ಕಡೆಗೆ ವಾಲುತ್ತದೆ, ಕೆಲವು ಕಡೆ ಕಿತ್ತಳೆ ಬೆರೆತ ಕೆಂಪು. ದಳದ ಬುಡ ಮಾತ್ರ ಬಿಳಿ ಅಥವಾ ಹಳದಿ. ಹೂವಿನ ಅಗಲ 3ರಿಂದ 7 ಸೆಂಟಿಮೀಟರ್. ಉದ್ದವೂ ಹೆಚ್ಚುಕಡಿಮೆ ಅಷ್ಟೇ, ಕೆಲವಲ್ಲಿ ಇನ್ನೂ ಸ್ವಲ್ಪ ಜಾಸ್ತಿ.

ಮುಟ್ಟಿದರೆ ಆಶ್ಚರ್ಯವಾಗುತ್ತದೆ. ಕ್ಯಾಕ್ಟಸ್ ಹೂ ಎಂದರೆ ರೇಷ್ಮೆಯ ಹಾಗೆ ತೆಳ್ಳಗೆ ಅಂತ ನಮ್ಮ ಎಣಿಕೆ. ಇದರ ದಳಗಳು ದಪ್ಪ, ಗಟ್ಟಿ, ಮೇಣ ಸವರಿದಂಥ ಹೊಳಪು. ತುದಿ ದುಂಡಗೆ. ಪೂರ್ತಿ ಹರಡಿಕೊಳ್ಳದೆ ಬಟ್ಟಲಿನ ಹಾಗೇ ನಿಲ್ಲುತ್ತವೆ.

ಬಟ್ಟಲಿನ ಒಳಗೆ ನೋಡಿದರೆ ಗುಲಾಬಿ ಅಥವಾ ನೇರಳೆ ತಲೆಯ ಕೇಸರಗಳ ದಟ್ಟ ಗುಂಪು. ಅದರ ಮಧ್ಯೆ ಹಚ್ಚ ಹಸಿರು ಬಣ್ಣದ ಒಂದು ಸಣ್ಣ ನಕ್ಷತ್ರ. ಅದು ಹೂವಿನ ಹೆಣ್ಣು ಭಾಗದ ತುದಿ, ಶಾಲೆಯಲ್ಲಿ ಶಲಾಕಾಗ್ರ ಅಂತ ಓದಿದ್ದೇವಲ್ಲ, ಅದೇ. ಈ ಹಸಿರು ನಕ್ಷತ್ರ ಹೆಡ್ಜ್‌ಹಾಗ್ ಕುಲದ ಗುರುತಿನ ಚೀಟಿ. ಕೆಂಪಿನ ಮಧ್ಯೆ ಅದು ಎಷ್ಟು ಎದ್ದು ಕಾಣುತ್ತದೆ ಎಂದರೆ, ಮೊದಲ ಸಲ ನೋಡಿದವರು ಯಾವುದೋ ಹುಳ ಕೂತಿದೆ ಅಂದುಕೊಳ್ಳುತ್ತಾರೆ.

ಕೊಳವೆಯ ತಳದಲ್ಲಿ ಮಕರಂದ ತುಂಬುವ ಚಿಕ್ಕ ಕೋಣೆ ಇದೆ. ಅಲ್ಲಿಗೆ ತಲುಪಬೇಕಾದರೆ ಕೇಸರಗಳ ಗುಂಪನ್ನು ದಾಟಿಯೇ ಹೋಗಬೇಕು. ಯಾರಿಗಾಗಿ ಈ ಏರ್ಪಾಡು ಅನ್ನುವುದು ಮುಂದಿನ ಪ್ರಶ್ನೆ.

ಇಷ್ಟು ಕೆಂಪು ಯಾಕೆ?

ಹಕ್ಕಿಗಾಗಿ. ಹಮ್ಮಿಂಗ್‌ಬರ್ಡ್ ಈ ಹೂವಿನ ಮುಖ್ಯ ಅತಿಥಿ.

ಹೆಡ್ಜ್‌ಹಾಗ್ ಕಳ್ಳಿಗಳಲ್ಲಿ ಬಹಳಷ್ಟಕ್ಕೆ ಗುಲಾಬಿ ಅಥವಾ ನೇರಳೆ ಮಿಶ್ರಿತ ಹೂ. ಅವು ಜೇನುಹುಳುಗಳನ್ನು ಕರೆಯುವ ಬಣ್ಣಗಳು. ಜೇನುಹುಳುವಿನ ಕಣ್ಣಿಗೆ ಅಚ್ಚ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಕ್ಕಿಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಬಣ್ಣ ಬದಲಾದ ಜೊತೆಗೆ ಹೂವಿನ ಇಡೀ ಕಟ್ಟಡವೇ ಬದಲಾಗಿದೆ ನೋಡಿ. ಮಕರಂದ ಕೊಳವೆಯ ತಳದಲ್ಲಿದೆ, ಉದ್ದ ಕೊಕ್ಕು ಅಲ್ಲಿಗೆ ತಲುಪುತ್ತದೆ. ದಳ ಗಟ್ಟಿಯಾಗಿದೆ, ಹಕ್ಕಿಯ ಕೊಕ್ಕು ತಲೆ ತಗುಲಿದರೂ ಹರಿಯುವುದಿಲ್ಲ. ಕೇಸರಗಳು ಒತ್ತಾಗಿವೆ, ಹಕ್ಕಿ ತಲೆ ತೂರಿಸಿದಾಗ ಹಣೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಆ ಹಣೆ ಮುಂದಿನ ಗಿಡದ ಹೂವಿನ ಹಸಿರು ನಕ್ಷತ್ರಕ್ಕೆ ತಗುಲಿದರೆ ಕೆಲಸ ಮುಗಿಯಿತು. ಪರಿಮಳಕ್ಕೆ ಈ ಹೂ ಖರ್ಚು ಮಾಡುವುದಿಲ್ಲ. ಹಕ್ಕಿಯನ್ನು ಕರೆಯಲು ಬಣ್ಣವೇ ಸಾಕು.

ಕಾಲವೂ ಕೂಡಿ ಬರುತ್ತದೆ. ಚಳಿಗಾಲವನ್ನು ಮೆಕ್ಸಿಕೊ ಕಡೆ ಕಳೆದ ಹಮ್ಮಿಂಗ್‌ಬರ್ಡ್‌ಗಳು ಏಪ್ರಿಲ್, ಮೇ ಹೊತ್ತಿಗೆ ರಾಕಿ ಪರ್ವತದ ಕಡೆಗೆ ವಾಪಸ್ ಬರುತ್ತವೆ. ಅಗಲ ಬಾಲದ ಹಮ್ಮಿಂಗ್‌ಬರ್ಡ್, ಕಪ್ಪು ಗದ್ದದ ಹಮ್ಮಿಂಗ್‌ಬರ್ಡ್, ಇಬ್ಬರೂ ಆ ಪ್ರದೇಶದವರೇ. ಆಗ ಬೆಟ್ಟದಲ್ಲಿ ಬೇರೆ ಹೂಗಳು ಇನ್ನೂ ಕಮ್ಮಿ.

ಜೇನುಹುಳುಗಳೂ ಬರುತ್ತವೆ, ಇಲ್ಲ ಅಂತಲ್ಲ. ಪರಾಗ ಹೊತ್ತು ಹೋಗುತ್ತವೆ.

ನಮ್ಮಲ್ಲಿ ಹಮ್ಮಿಂಗ್‌ಬರ್ಡ್ ಇಲ್ಲ. ಅವು ಅಮೆರಿಕ ಖಂಡಗಳಿಗೆ ಮಾತ್ರ ಸೇರಿದ ಹಕ್ಕಿಗಳು. ನಮ್ಮ ತೋಟಗಳಲ್ಲಿ ಅದೇ ಕೆಲಸ ಮಾಡುವುದು ಸೂರಕ್ಕಿ. ಎರಡಕ್ಕೂ ಹತ್ತಿರದ ನೆಂಟಸ್ತಿಕೆ ಇಲ್ಲ.

ಆ ಕೆಂಪು ಬಣ್ಣ ಬರುವುದು ಯಾವುದರಿಂದ?

ಬೀಟಲೈನ್ ಎಂಬ ವರ್ಣದ್ರವ್ಯದಿಂದ. ಬೀಟ್‌ರೂಟ್ ಕೊಯ್ದಾಗ ಕೈಗೆ ಅಂಟುವುದೂ ಇದೇ ಗುಂಪಿನ ಬಣ್ಣ. ಗುಲಾಬಿ, ದಾಸವಾಳದ ಕೆಂಪು ಬೇರೆ ದ್ರವ್ಯದಿಂದ ಬರುತ್ತದೆ.

ಒಂದು ಹೂ ಎಷ್ಟು ದಿನ ಇರುತ್ತದೆ? ರಾತ್ರಿ ಮುಚ್ಚಿಕೊಳ್ಳುತ್ತದಾ?

ಹಲವು ದಿನ ಇರುತ್ತದೆ. ಮತ್ತೆ, ರಾತ್ರಿ ಮುಚ್ಚಿಕೊಳ್ಳುವುದಿಲ್ಲ. ಇದು ಕ್ಲಾರೆಟ್ ಕಪ್ ಗುಂಪಿನ ದೊಡ್ಡ ವಿಶೇಷ. ಜೇನುಹುಳುವನ್ನು ನೆಚ್ಚಿಕೊಂಡ, ಎಂಗೆಲ್ಮನ್ ಹೆಡ್ಜ್‌ಹಾಗ್ ಎಂಬ ಇದರ ನೆಂಟನಂಥವು ಬಿಸಿಲೇರಿದ ಮೇಲೆ ತೆರೆದು, ಸಂಜೆ ಮುಚ್ಚಿ, ಮರುದಿನ ಮತ್ತೆ ತೆರೆಯುತ್ತವೆ. ಹಮ್ಮಿಂಗ್‌ಬರ್ಡ್ ಹಾಗೆ ಬಿಸಿಲೇರುವವರೆಗೆ ಕಾಯುವುದಿಲ್ಲ. ರಾತ್ರಿಯಿಡೀ ಉಪವಾಸ ಇದ್ದ ಅದಕ್ಕೆ ಬೆಳಕು ಹರಿಯುತ್ತಲೇ ಆಹಾರ ಬೇಕು. ತೆರೆದೇ ಇರುವ ಹೂ ಅದಕ್ಕೆ ಅನುಕೂಲ. ಮುಸ್ಸಂಜೆಯಲ್ಲೂ ಅಷ್ಟೇ.

ಬ್ರಹ್ಮಕಮಲ ಇದಕ್ಕೆ ನೇರ ಉಲ್ಟಾ. ಬಿಳಿ ಬಣ್ಣ, ಘಮಘಮ, ಒಂದೇ ರಾತ್ರಿ, ಬೆಳಗಾಗುವಷ್ಟರಲ್ಲಿ ಜೋತುಬಿದ್ದಿರುತ್ತದೆ. ಅದು ಕತ್ತಲಲ್ಲಿ ಹಾರುವ ಪತಂಗದಂಥವರನ್ನು ಕರೆಯುವ ಹೂ. ಎರಡೂ ಕ್ಯಾಕ್ಟಸ್ಸೇ. ಯಾರನ್ನು ಕರೆಯಬೇಕು ಅನ್ನುವುದರ ಮೇಲೆ ಬಣ್ಣ, ವಾಸನೆ, ವೇಳೆ ಎಲ್ಲ ತೀರ್ಮಾನ ಆಗಿದೆ.

ಯಾವ ತಿಂಗಳಲ್ಲಿ ಹೂ ನೋಡಬಹುದು?

ಅದು ಎಷ್ಟು ಎತ್ತರದ ಜಾಗ ಅನ್ನುವುದರ ಮೇಲಿದೆ. ಯೂಟಾದ ದಕ್ಷಿಣದ ತಗ್ಗು ಕಣಿವೆಗಳಲ್ಲಿ ಏಪ್ರಿಲ್‌ನಲ್ಲೇ ಶುರು. ಪೈನ್, ಜುನಿಪರ್ ಮರಗಳ ಬೆಟ್ಟಗಳಲ್ಲಿ ಮೇ ತಿಂಗಳು. ಇನ್ನೂ ಎತ್ತರಕ್ಕೆ ಹೋದರೆ ಜೂನ್, ಅಪರೂಪಕ್ಕೆ ಜುಲೈ. ರಜೆ ಹಾಕುವ ಮುಂಚೆ ಒಂದೇ ತಿಂಗಳು ಹೇಳಿ ಅಂದರೆ ಮೇ ಅನ್ನುತ್ತೇನೆ. ಚಳಿಗಾಲದ ಹಿಮ, ಮಳೆ ಚೆನ್ನಾಗಿದ್ದ ವರ್ಷ ಹೂ ಜಾಸ್ತಿ. ಬರದ ವರ್ಷ ಗಿಡ ಜುಗ್ಗತನ ಮಾಡುತ್ತದೆ.

ಎಲ್ಲಿ ನೋಡಬಹುದು?

ಕೊಲರಾಡೋ, ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೊ, ಈ ನಾಲ್ಕು ರಾಜ್ಯಗಳೇ ಇದರ ಮುಖ್ಯ ನೆಲೆ. ಯೂಟಾದಲ್ಲಿ ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್, ಝಯಾನ್ ರಾಷ್ಟ್ರೀಯ ಉದ್ಯಾನಗಳಲ್ಲಿ ಸಿಗುತ್ತದೆ. ಕೊಲರಾಡೋದ ಮೆಸಾ ವರ್ಡೆಯಲ್ಲಿ ಹಳೆಯ ಬಂಡೆಮನೆಗಳನ್ನು ನೋಡಲು ಹೋದವರು ಕಾಲುದಾರಿಯ ಪಕ್ಕದಲ್ಲೂ ಕಣ್ಣು ಹಾಯಿಸಲಿ. ನ್ಯೂ ಮೆಕ್ಸಿಕೊದ ವೈಟ್ ಸ್ಯಾಂಡ್ಸ್ ಸುತ್ತ ಇದರ ದೈತ್ಯ ರೂಪ ಇದೆ. ಬಿಳಿ ಜಿಪ್ಸಂ ಮರಳಿನ ನಾಡಿನಲ್ಲಿ ದಪ್ಪ, ಎತ್ತರದ ಕಾಂಡಗಳು ಬೆಳೆಯುತ್ತವೆ. ಕಳ್ಳಿ ಹವ್ಯಾಸಿಗಳ ನಡುವೆ ‘ವೈಟ್ ಸ್ಯಾಂಡ್ಸ್’ ಎಂದೇ ಅದಕ್ಕೆ ಹೆಸರು.

ಸಾಮಾನ್ಯವಾಗಿ ಬಂಡೆಯ ಬಿರುಕು, ಕಲ್ಲಿನ ಇಳಿಜಾರು, ಜುನಿಪರ್ ಮರದ ಬುಡ, ಇಂಥ ಕಡೆ ಹುಡುಕಿ. ನೀರು ನಿಲ್ಲುವ ಜಾಗ ಇದಕ್ಕೆ ಆಗುವುದಿಲ್ಲ.

ಒಂದು ಎಚ್ಚರಿಕೆ. ಆರ್ಚಸ್, ಕ್ಯಾನ್ಯನ್‌ಲ್ಯಾಂಡ್ಸ್ ಕಡೆ ನೆಲದ ಮೇಲೆ ಕಪ್ಪಗೆ, ಉಬ್ಬುಬ್ಬಾಗಿ ಕಾಣುವ ಪದರ ಇರುತ್ತದೆ. ಅದು ಸತ್ತ ಮಣ್ಣಲ್ಲ. ಸಯಾನೋಬ್ಯಾಕ್ಟೀರಿಯಾ, ಕಲ್ಲುಹೂ, ಪಾಚಿ ಸೇರಿ ಕಟ್ಟಿದ ಜೀವಂತ ಪದರ. ಒಂದು ಹೆಜ್ಜೆ ಇಟ್ಟರೆ ಸರಿಹೋಗಲು ವರ್ಷಗಟ್ಟಲೆ ಬೇಕು. ಹೂವಿನ ಫೋಟೋಗಾಗಿ ದಾರಿ ಬಿಟ್ಟು ಇಳಿಯಬೇಡಿ. ದಾರಿಯ ಪಕ್ಕದಲ್ಲೇ ಸಾಕಷ್ಟು ಗಿಡಗಳು ಸಿಗುತ್ತವೆ.

ಕಳ್ಳಿ ಅಂದರೆ ಮರುಭೂಮಿ ಗಿಡ. ಹಿಮದಲ್ಲಿ ಹೇಗೆ ಬದುಕುತ್ತದೆ?

ಈ ಕಳ್ಳಿ ಸುಮಾರು 3,000 ಮೀಟರ್ ಎತ್ತರದವರೆಗೂ ಬೆಳೆಯುತ್ತದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಗಿಂತ (1,930 ಮೀಟರ್) ಸಾವಿರ ಮೀಟರ್ ಮೇಲೆ. ಅಲ್ಲಿ ಚಳಿಗಾಲದಲ್ಲಿ ಉಷ್ಣಾಂಶ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗುವುದೂ ಇದೆ.

ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆ, ಜೀವಕೋಶ ಒಡೆಯುತ್ತದೆ. ಅದಕ್ಕೇ ಗಿಡ ಶರತ್ಕಾಲದಲ್ಲೇ ತಯಾರಿ ಶುರು ಮಾಡುತ್ತದೆ. ಕಾಂಡದೊಳಗಿನ ನೀರು ಕಡಿಮೆ ಮಾಡಿಕೊಳ್ಳುತ್ತದೆ. ಉಳಿದ ರಸದಲ್ಲಿ ಸಕ್ಕರೆ ಮೊದಲಾದವುಗಳ ಸಾಂದ್ರತೆ ಹೆಚ್ಚುತ್ತದೆ, ಹಾಗಾಗಿ ಅದು ಬೇಗ ಹೆಪ್ಪುಗಟ್ಟುವುದಿಲ್ಲ. ಹೊರಗಿನಿಂದ ನೋಡಿದರೆ ಕಾಂಡ ಸುಕ್ಕುಗಟ್ಟಿ, ಬಾಡಿ, ಗಿಡ್ಡವಾಗಿ ಕಾಣುತ್ತದೆ. ಡೆನ್ವರ್ ಕಡೆ ಅಂಗಳದಲ್ಲಿ ಇದನ್ನು ನೆಟ್ಟ ಹೊಸಬರು ಡಿಸೆಂಬರ್‌ನಲ್ಲಿ ಅದನ್ನು ನೋಡಿ ‘ಸತ್ತೇಹೋಯಿತು’ ಅಂತ ನೀರು ಸುರಿಯುತ್ತಾರೆ. ದಯವಿಟ್ಟು ಸುರಿಯಬೇಡಿ. ಚಳಿಯನ್ನು ತಡೆಯುತ್ತದೆ, ಚಳಿಯ ಜೊತೆಗೆ ಒದ್ದೆ ಬೇರನ್ನು ತಡೆಯುವುದಿಲ್ಲ. ವಸಂತದಲ್ಲಿ ತಾನಾಗಿಯೇ ನೀರು ಎಳೆದುಕೊಂಡು ಮೈದುಂಬುತ್ತದೆ.

ಬೇಸಿಗೆಯ ಬಿಸಿಲಿಗೆ ಏನು ಮಾಡುತ್ತದೆ?

ಬಹುಪಾಲು ಕ್ಯಾಕ್ಟಸ್‌ಗಳ ಹಾಗೆ ಕಾಂಡದ ಸಣ್ಣ ರಂಧ್ರಗಳನ್ನು ಹಗಲು ಮುಚ್ಚಿಕೊಂಡು, ರಾತ್ರಿ ತೆರೆಯುತ್ತದೆ. ತಂಪು ಹೊತ್ತಲ್ಲಿ ಇಂಗಾಲದ ಡೈಆಕ್ಸೈಡ್ ಎಳೆದು ಆಮ್ಲದ ರೂಪದಲ್ಲಿ ಕೂಡಿಟ್ಟುಕೊಂಡು, ಹಗಲು ಬೆಳಕಿನಲ್ಲಿ ಅದನ್ನು ಬಳಸಿ ಆಹಾರ ತಯಾರಿಸುತ್ತದೆ. ನೀರು ಆವಿಯಾಗುವುದು ಇದರಿಂದ ತುಂಬಾ ಕಡಿಮೆಯಾಗುತ್ತದೆ.

ಹಣ್ಣು ಬಿಡುತ್ತದಾ? ತಿನ್ನಬಹುದಾ?

ಬಿಡುತ್ತದೆ. 2ರಿಂದ 3.5 ಸೆಂಟಿಮೀಟರ್ ಉದ್ದದ ದುಂಡನೆಯ ಹಣ್ಣು. ಬಣ್ಣ ಹಸಿರು ಮಿಶ್ರಿತ ಹಳದಿಯಿಂದ ನಸುಗುಲಾಬಿವರೆಗೆ. ಹಣ್ಣಾದಾಗ ಮೇಲಿನ ಮುಳ್ಳು ಸಡಿಲವಾಗಿ ಉದುರುತ್ತದೆ. ಒಳಗೆ ಬಿಳಿ ತಿರುಳು, ಸಣ್ಣ ಕಪ್ಪು ಬೀಜ. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಬಿಳಿ ಡ್ರ್ಯಾಗನ್ ಫ್ರೂಟ್ ಕೊಯ್ದು ನೋಡಿದವರಿಗೆ ಈ ತಿರುಳಿನ ಅಂದಾಜು ಸಿಗುತ್ತದೆ. ಅದೂ ಕ್ಯಾಕ್ಟಸ್ ಹಣ್ಣೇ ತಾನೇ?

ತಿನ್ನಬಹುದು. ಆದರೆ ಕಾಡಿನಲ್ಲಿ ನಿಮಗಿಂತ ಮುಂಚೆ ಇಲಿ, ಅಳಿಲು, ಹಕ್ಕಿಗಳು ಅಲ್ಲಿಗೆ ಹೋಗಿರುತ್ತವೆ. ಬೀಜ ಹರಡುವುದೂ ಅವುಗಳ ಮೂಲಕವೇ. ರುಚಿಗೆ ಹೆಸರಾದದ್ದು ಇದರ ನೆಂಟ ಎಂಗೆಲ್ಮನ್ ಹೆಡ್ಜ್‌ಹಾಗ್. ಅದಕ್ಕೆ ಸ್ಟ್ರಾಬೆರಿ ಹೆಡ್ಜ್‌ಹಾಗ್ ಅಂತಲೂ ಹೆಸರಿದೆ.

ಬೇರೆ ಹೆಡ್ಜ್‌ಹಾಗ್ ಕಳ್ಳಿಗಳಿಂದ ಇದನ್ನು ಬೇರೆ ಮಾಡಿ ಗುರುತಿಸುವುದು ಹೇಗೆ?

ಹೂ ಇದ್ದರೆ ಅರ್ಧ ಕೆಲಸ ಆದಂತೆ. ಹೂ ಗುಲಾಬಿ ಅಥವಾ ನೇರಳೆ ಆಗಿದ್ದರೆ ಅದು ಎಂಗೆಲ್ಮನ್ ಅಥವಾ ಫೆಂಡ್ಲರ್ ಹೆಡ್ಜ್‌ಹಾಗ್ ಇರಬಹುದು. ಹೂ ಚಿಕ್ಕದು, ಹಸಿರು ಮಿಶ್ರಿತ ಹಳದಿ ಆಗಿದ್ದರೆ ವಿರಿಡಿಫ್ಲೋರಸ್. ಒಂಟಿ ಕಾಂಡ, ಗುಲಾಬಿ ಮತ್ತು ಬಿಳಿ ಮುಳ್ಳುಗಳ ಪಟ್ಟೆ ಕಂಡರೆ ರೈನ್‌ಬೋ ಕಳ್ಳಿ.

ಕಷ್ಟ ಇರುವುದು ಕೆಂಪು ಹೂವಿನ ದಾಯಾದಿಗಳ ನಡುವೆ. ಎಕಿನೊಸೀರಿಯಸ್ ಕಾಕ್ಸಿನಿಯಸ್ ಎಂಬುದು ನೋಡಲು ಹೆಚ್ಚುಕಡಿಮೆ ಇದೇ. ಒಳಗೆ ಮಾತ್ರ ವ್ಯತ್ಯಾಸ ದೊಡ್ಡದು. ಟ್ರೈಗ್ಲೋಕಿಡಿಯೇಟಸ್‌ನ ಜೀವಕೋಶದಲ್ಲಿ 22 ವರ್ಣತಂತುಗಳು, ಕಾಕ್ಸಿನಿಯಸ್‌ನಲ್ಲಿ 44. ಜೊತೆಗೆ ಕಾಕ್ಸಿನಿಯಸ್‌ನಲ್ಲಿ ಅನೇಕ ಕಡೆ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ನಮ್ಮ ಕ್ಲಾರೆಟ್ ಕಪ್‌ನಲ್ಲಿ ಒಂದೇ ಹೂವಿನಲ್ಲಿ ಎರಡೂ ಭಾಗ ಕೆಲಸ ಮಾಡುತ್ತವೆ. ಬೆಟ್ಟದಲ್ಲಿ ನಿಂತು ವರ್ಣತಂತು ಎಣಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಪಾರ್ಕಿನ ಬೋರ್ಡಿನಲ್ಲಿ ಏನು ಬರೆದಿದೆಯೋ ಅದನ್ನೇ ನಂಬುವುದು ವಾಸಿ.

ಕ್ಯಾಲಿಫೋರ್ನಿಯಾದ ಮೊಹಾವಿ ಕಡೆಯ ದಿಬ್ಬದಂಥ ಗಿಡವನ್ನು ಕೆಲವರು ಇದರಲ್ಲೇ ಸೇರಿಸುತ್ತಾರೆ, ಕೆಲವರು ಮೊಹಾವೆನ್ಸಿಸ್ ಅಂತ ಬೇರೆ ಇಡುತ್ತಾರೆ. ಅರಿಜೋನಾದ ಗ್ಲೋಬ್ ಊರಿನ ಸುತ್ತಲಿನ ಅರಿಜೋನಿಕಸ್ ಕೂಡ ಹಾಗೆಯೇ. ಅದು ತುಂಬಾ ಚಿಕ್ಕ ಪ್ರದೇಶಕ್ಕೆ ಸೀಮಿತ. 1979ರಲ್ಲಿ ಅದೂ ಅಳಿವಿನಂಚಿನ ಪಟ್ಟಿಗೆ ಸೇರಿತು.

ಈ ಕಳ್ಳಿಯನ್ನು ಮೊದಲು ವಿವರಿಸಿದವರು ಯಾರು?

ಜಾರ್ಜ್ ಎಂಗೆಲ್ಮನ್, 1848ರಲ್ಲಿ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ನೆಲೆಸಿದ ವೈದ್ಯ. ಗಿಡ ಸಂಗ್ರಹಿಸಿದವನು ಅವನ ಗೆಳೆಯ ಅಡಾಲ್ಫ್ ವಿಸ್ಲಿಜೆನಸ್, ಅವನೂ ಜರ್ಮನ್ ವೈದ್ಯನೇ. 1846ರಲ್ಲಿ ವಿಸ್ಲಿಜೆನಸ್ ವರ್ತಕರ ಬಂಡಿಗಳ ಜೊತೆ ಮೆಕ್ಸಿಕೊಗೆ ಹೊರಟ. ಅಷ್ಟರಲ್ಲಿ ಅಮೆರಿಕಕ್ಕೂ ಮೆಕ್ಸಿಕೊಗೂ ಯುದ್ಧ ಹತ್ತಿಕೊಂಡಿತು, ಅವನನ್ನು ಒಂದು ಬೆಟ್ಟದೂರಿನಲ್ಲಿ ತಡೆದಿಟ್ಟರು. ಅಲ್ಲೂ ಗಿಡ ಆರಿಸುವುದನ್ನು ಅವನು ಬಿಡಲಿಲ್ಲ. ಅವನ ಪ್ರವಾಸದ ವರದಿಯ ಕೊನೆಗೆ ಎಂಗೆಲ್ಮನ್ ಬರೆದ ಸಸ್ಯಗಳ ಭಾಗದಲ್ಲಿ ಈ ಜಾತಿಯ ಹೆಸರೂ, ಎಕಿನೊಸೀರಿಯಸ್ ಎಂಬ ಕುಲದ ಹೆಸರೂ ಬಂದವು.

ಇದು ಕೊಲರಾಡೋದ ‘ರಾಜ್ಯ ಕಳ್ಳಿ’ ಹೇಗಾಯಿತು?

ಶಾಲೆಯ ಹುಡುಗಿಯರಿಂದ. ಡಗ್ಲಸ್ ಕೌಂಟಿಯ ಗರ್ಲ್ ಸ್ಕೌಟ್ಸ್ ತಂಡವೊಂದು ಇದರ ಪರವಾಗಿ ಶಾಸಕರ ಮುಂದೆ ವಾದ ಮಾಡಿತು. 2014ರಲ್ಲಿ ಕಾನೂನೇ ಆಯಿತು.

ಬೆಂಗಳೂರಿನಲ್ಲಿ ಬೆಳೆಸಬಹುದಾ? ಹೂ ಬಿಡುತ್ತದಾ?

ಗಿಡ ಬದುಕಬಹುದು. ಹೂವಿನ ಆಸೆ ಮಾತ್ರ ಕಡಿಮೆ ಇಟ್ಟುಕೊಳ್ಳಿ. ಮೊಗ್ಗು ಕಟ್ಟಲು ಇದಕ್ಕೆ ಒಣಗಿದ, ಕೊರೆಯುವ ಚಳಿಯ ಕೆಲವು ತಿಂಗಳ ವಿಶ್ರಾಂತಿ ಬೇಕು. ಬೆಂಗಳೂರಿನ ಜನವರಿ ರಾತ್ರಿ ಸಾಮಾನ್ಯವಾಗಿ 15 ಡಿಗ್ರಿ ಆಸುಪಾಸು. ಅದು ನಮಗೆ ಸ್ವೆಟರ್ ಹಾಕುವ ಚಳಿ, ಇದಕ್ಕೆ ಚಳಿಗಾಲವೇ ಅಲ್ಲ. ಮಂಗಳೂರು, ಉಡುಪಿ ಕಡೆಯವರು ಪ್ರಯತ್ನ ಮಾಡದಿರುವುದೇ ಒಳ್ಳೆಯದು. ಅಲ್ಲಿನ ಮಳೆ, ಸೆಕೆ ಎರಡೂ ಇದಕ್ಕೆ ಆಗಿಬರುವುದಿಲ್ಲ.

ಆದರೂ ಹಟ ಇದ್ದರೆ ಹೀಗೆ ಮಾಡಿ. ಪ್ಯೂಮಿಸ್ (ತೂತು ತೂತಾದ ಹಗುರ ಕಲ್ಲು) ಅಥವಾ ದಪ್ಪ ಮರಳು ಜಾಸ್ತಿ, ಗೊಬ್ಬರ ಸ್ವಲ್ಪವೇ. ಬೆಳಗಿನ ಬಿಸಿಲು ಪೂರ್ತಿ ಬೀಳುವ ಜಾಗ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ನೀರು ಬೀಳದ ಹಾಗೆ ಮೇಲೊಂದು ಪಾರದರ್ಶಕ ಶೀಟು. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ನೀರು ಹೆಚ್ಚುಕಡಿಮೆ ನಿಲ್ಲಿಸಿ, ತಾರಸಿಯ ಅತಿ ತಂಪಾದ ಮೂಲೆಯಲ್ಲಿಡಿ. ಬಿಳಿ ಹಿಟ್ಟು ತಿಗಣೆ ಅರಿಯೋಲ್ ಸಂದಿಯಲ್ಲಿ, ಬೇರಿನಲ್ಲಿ ಸೇರಿಕೊಳ್ಳುತ್ತದೆ, ಆಗಾಗ ನೋಡುತ್ತಿರಿ. ಬೀಜದಿಂದ ಬೆಳೆಸಿದರೆ ಮೊದಲ ಹೂವಿಗೆ ಹಲವು ವರ್ಷ ಕಾಯಬೇಕು, ಅದೂ ಚಳಿ ಸಿಕ್ಕರೆ.

ಹೂವೇ ಮುಖ್ಯ ಅನ್ನುವವರಿಗೆ ಮ್ಯಾಮಿಲೇರಿಯಾ, ಎಕಿನಾಪ್ಸಿಸ್ ಸಾಕು. ಬೆಂಗಳೂರಿನ ಹವೆಯಲ್ಲಿ ಅವು ಹೆಚ್ಚು ಕಾಡಿಸದೆ ಹೂ ಬಿಡುತ್ತವೆ.

ಅಲ್ಲಿಂದ ಒಂದು ತುಂಡು ಕಿತ್ತು ಊರಿಗೆ ತರಬಹುದಾ?

ಬೇಡ. ರಾಷ್ಟ್ರೀಯ ಉದ್ಯಾನದಲ್ಲಿ ಹೂ ಕೀಳುವುದೂ ಅಪರಾಧ. ಅದು ಸಾಲದು ಅಂತ, ಕ್ಯಾಕ್ಟಸ್ ಗಿಡಗಳನ್ನು ದೇಶದಿಂದ ದೇಶಕ್ಕೆ ಒಯ್ಯುವುದಕ್ಕೆ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳಿವೆ, ಪರವಾನಗಿ ಬೇಕು. ಭಾರತಕ್ಕೆ ಗಿಡ ಅಥವಾ ಬೀಜ ತರಬೇಕಾದರೆ ಸಸ್ಯ ಆರೋಗ್ಯ ಪ್ರಮಾಣಪತ್ರ, ಆಮದು ಪರವಾನಗಿ ಎರಡನ್ನೂ ಕೇಳುತ್ತಾರೆ. ಸೂಟ್‌ಕೇಸಿನ ಮೂಲೆಯಲ್ಲಿ ಸುತ್ತಿ ತರುವ ವಸ್ತು ಇದಲ್ಲ. ಅಮೆರಿಕದಲ್ಲೇ ಇರುವವರಿಗೆ ಬೇಕಿದ್ದರೆ, ಬೀಜದಿಂದ ಬೆಳೆಸಿದ ಗಿಡ ಮಾರುವ ನರ್ಸರಿಗಳಿವೆ. ಬೀಜದಿಂದ ಬೆಳೆಸಿದ್ದಾ, ಕಾಡಿನಿಂದ ಕಿತ್ತದ್ದಾ ಅಂತ ಕೇಳಿಯೇ ಕೊಳ್ಳಿ.

ಫೋಟೋ ತೆಗೆಯುವಾಗ ಮುಳ್ಳು ಚುಚ್ಚಿದರೆ?

ಚಿಮಟದಿಂದ ನೇರವಾಗಿ ಎಳೆದು ತೆಗೆಯಿರಿ, ಸೋಪು ನೀರಿನಲ್ಲಿ ತೊಳೆಯಿರಿ. ಪಾಪಾಸುಕಳ್ಳಿಯಲ್ಲಿರುವ ಕಣ್ಣಿಗೆ ಕಾಣದಂಥ ಕೂದಲು ಮುಳ್ಳು ಇದರಲ್ಲಿಲ್ಲ, ಆದ್ದರಿಂದ ವಾರಗಟ್ಟಲೆ ಚುಚ್ಚುತ್ತಾ ಕಾಡುವುದಿಲ್ಲ. ಮುಳ್ಳು ಒಳಗೇ ಮುರಿದುಕೊಂಡರೆ, ಅಥವಾ ಕೀಲಿನ ಹತ್ತಿರ ಚುಚ್ಚಿ ಊದಿಕೊಂಡರೆ ಡಾಕ್ಟರ್‌ಗೆ ತೋರಿಸಿ.